ರಾತ್ರಿಯ ಅವಲೋಕನ ಸಭೆ ನನಗೆ ಕಲಿಸಿದ್ದು

ಬಿ.ಕಾಂ. ಮೊದಲ ವರ್ಷದಲ್ಲಿ ರಾಷ್ಟ್ರೀಯ ಸೇವಾ ಯೋಜನೆಗೆ, ಅಂದರೆ ಎನ್‌ಎಸ್‌ಎಸ್‌ಗೆ ಹೆಸರು ಕೊಟ್ಟಾಗ ಸಮಾಜಸೇವೆಯ ಯೋಚನೆ ನನ್ನ ತಲೆಯಲ್ಲಿ ಅಷ್ಟಾಗಿ ಇರಲಿಲ್ಲ. ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜು ನಮ್ಮದು. ಮುಂದೆ ಪಿ.ಜಿ. ಸೀಟಿಗೆ ಸರ್ಟಿಫಿಕೇಟ್ ಅನುಕೂಲವಾಗುತ್ತದೆ ಅಂತ ಸೀನಿಯರ್ ಅಕ್ಕ ಒಬ್ಬರು ಹೇಳಿದ್ದರು. ನನ್ನ ಬೆಂಚಿನ ಗೆಳತಿಯರೂ ಸೇರುತ್ತಿದ್ದರು. ಅಷ್ಟೇ ಕಾರಣ. ಈಗ ಕೆಲಸಕ್ಕೆ ಸೇರಿದ್ದೇನೆ. ಜನರ ಜೊತೆ ಮಾತಾಡುವುದು, ಹಣದ ಲೆಕ್ಕ ಇಡುವುದು, ಎದುರು ಮಾತು ಬಂದರೆ ಕೇಳಿಸಿಕೊಳ್ಳುವುದು, ಇವನ್ನೆಲ್ಲ ನಾನು ಕಲಿತದ್ದು ಅಲ್ಲೇ. ‘ಎನ್‌ಎಸ್‌ಎಸ್ ಅಂದ್ರೆ ಕಸ ಗುಡಿಸೋದು ಅಲ್ವಾ?’ ಅಂತ ಕೇಳುವವರು ಈಗಲೂ ಇದ್ದಾರೆ. ಅದಕ್ಕೇ ಆ ಕಲಿಕೆ ಹೇಗೆ ನಡೆಯಿತು ಅಂತ ಬಿಡಿಸಿ ಬರೆಯಬೇಕು ಅನ್ನಿಸಿತು.

ಗೊತ್ತಿಲ್ಲದವರಿಗೆ ಎರಡು ಮಾತು. ರಾಷ್ಟ್ರೀಯ ಸೇವಾ ಯೋಜನೆ ಶುರುವಾದದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿ ಹುಟ್ಟಿ ನೂರು ವರ್ಷವಾದ ಸಂದರ್ಭದಲ್ಲಿ. ಆಗ 37 ವಿಶ್ವವಿದ್ಯಾಲಯಗಳಲ್ಲಿ ಸುಮಾರು 40,000 ವಿದ್ಯಾರ್ಥಿಗಳಿದ್ದರು. ಅದನ್ನು ಶುರು ಮಾಡಿದ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ ಅವರು ನಮ್ಮ ಬಳ್ಳಾರಿಯಿಂದಲೇ ಲೋಕಸಭೆಗೆ ಗೆದ್ದವರು. ಸೇರಿದ ಮೇಲೆ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಕೆಲಸ ಮಾಡಬೇಕು. ಜೊತೆಗೆ ಒಂದು ಹಳ್ಳಿಯಲ್ಲಿ ಏಳು ದಿನದ ವಿಶೇಷ ಶಿಬಿರ. ಎದೆಯ ಮೇಲಿನ ಬ್ಯಾಡ್ಜಿನಲ್ಲಿ ಕೊನಾರ್ಕ್ ರಥದ ಚಕ್ರ ಇರುತ್ತದೆ. ಅದರ ಎಂಟು ಅರೆಗಳು ದಿನದ 24 ಗಂಟೆಯ ಗುರುತು.

ಮೊದಲ ವರ್ಷದ ಬಗ್ಗೆ ಹೇಳುವುದು ಕಡಿಮೆ. ಗಿಡ ನೆಟ್ಟೆವು, ರಕ್ತದಾನ ಶಿಬಿರದಲ್ಲಿ ಬಿಸ್ಕತ್ತು ಮತ್ತು ಜ್ಯೂಸ್ ಹಂಚಿದೆವು, ಕಾಲೇಜಿನ ಹಿಂಭಾಗದ ಪಾರ್ಥೇನಿಯಂ ಕಿತ್ತೆವು. ಗಿಡ ನೆಟ್ಟ ದಿನ ಫೋಟೋ ತೆಗೆದರು. ಬೇಸಿಗೆಯಲ್ಲಿ ನೀರು ಹಾಕುವ ಪಾಳಿ ಯಾರೂ ಹಂಚಿರಲಿಲ್ಲ, ಅರ್ಧ ಗಿಡ ಒಣಗಿದವು. ಸ್ವಯಂಸೇವೆ ಹೀಗೇ ಮುಗಿದರೆ ಹುಡುಗರು ಕಲಿಯುವುದು ತೀರಾ ಕಡಿಮೆ. ಈ ಮಾತನ್ನು ನೋವಿನಿಂದಲೇ ಹೇಳುತ್ತಿದ್ದೇನೆ, ಯಾಕೆಂದರೆ ಎಷ್ಟೋ ಕಡೆ ಅದು ಹೀಗೇ ಮುಗಿಯುತ್ತದೆ.

ಎರಡನೇ ವರ್ಷ ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ಕಾರ್ಯಕ್ರಮಾಧಿಕಾರಿಯಾದರು. 2020ರ ಜನವರಿ ಕೊನೆಗೆ ಶಿಬಿರ ಅಂತ ಗೊತ್ತಾಯಿತು. ಮಧುಗಿರಿ ತಾಲ್ಲೂಕಿನ ಒಂದು ಊರು. ಒಂದು ಘಟಕದಲ್ಲಿ 100 ಸ್ವಯಂಸೇವಕರಿದ್ದರೆ ಅರ್ಧದಷ್ಟು ಮಂದಿಗೆ ಶಿಬಿರಕ್ಕೆ ಹೋಗುವ ಅವಕಾಶ. ನನ್ನ ಹೆಸರು ಪಟ್ಟಿಯಲ್ಲಿತ್ತು. ಆದರೆ ಅಪ್ಪ ಒಪ್ಪಲಿಲ್ಲ. ‘ಏಳು ದಿನ ಯಾರದೋ ಊರಲ್ಲಿ ಮಲಗೋಕೆ ಕಾಲೇಜಿಗೆ ಕಳಿಸಿದ್ದೀನಾ?’ ಅಂದರು. ಅವರ ಭಯ ಸುಳ್ಳಲ್ಲ. ಹೆಣ್ಣುಮಕ್ಕಳ ಮನೆಯಲ್ಲಿ ಈ ಮಾತು ಬರದೇ ಇರುವುದು ಅಪರೂಪ.

ಮೇಷ್ಟ್ರು ಫೋನ್ ಮಾಡಿ ಒತ್ತಾಯ ಮಾಡಲಿಲ್ಲ. ‘ಒಂದು ಭಾನುವಾರ ನಿಮ್ಮ ತಂದೆಯವರನ್ನೇ ಆ ಊರಿಗೆ ಕರ್ಕೊಂಡು ಬಾಮ್ಮ’ ಅಂದರು. ಅಪ್ಪ ಬಂದರು. ಹುಡುಗಿಯರು ಮಲಗುವ ಶಾಲೆಯ ಕೊಠಡಿ ನೋಡಿದರು, ಶೌಚಾಲಯ ನೋಡಿದರು, ಪಕ್ಕದ ಮನೆಯವರ ಹತ್ತಿರ ಮಾತಾಡಿದರು. ಜೊತೆಗಿರುವ ಇಬ್ಬರು ಮೇಡಂಗಳ ಫೋನ್ ನಂಬರ್ ಬರೆದುಕೊಂಡರು. ಬಸ್ಸಿನಲ್ಲಿ ವಾಪಸ್ ಬರುವಾಗ ‘ಸ್ವೆಟರ್ ಮರೀಬೇಡ, ಅಲ್ಲಿ ಚಳಿ ಜಾಸ್ತಿ’ ಅಂದರು. ಮನೆಯವರನ್ನು ಬೈದು ಗೆಲ್ಲುವುದಕ್ಕಿಂತ ಜಾಗ ತೋರಿಸಿ ಒಪ್ಪಿಸುವುದು ಎಷ್ಟು ದೊಡ್ಡ ಕೆಲಸ ಅಂತ ಅವತ್ತು ಅರ್ಥವಾಯಿತು. ಶಿಬಿರ ನಡೆಸುವ ಎಲ್ಲರೂ ಇದನ್ನು ಮಾಡಿದರೆ ಎಷ್ಟೋ ಹುಡುಗಿಯರ ಹೆಸರು ಪಟ್ಟಿಯಿಂದ ತಪ್ಪುವುದಿಲ್ಲ.

ಶಿಬಿರದ ದಿನಚರಿ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ನಸುಕಿನಲ್ಲಿ ಎದ್ದು ಪ್ರಭಾತಫೇರಿ, ಧ್ವಜಾರೋಹಣ, ತಿಂಡಿ, ಮಧ್ಯಾಹ್ನದವರೆಗೆ ಶ್ರಮದಾನ. ಊಟವಾದ ಮೇಲೆ ಉಪನ್ಯಾಸ ಇಲ್ಲವೇ ಮನೆ ಮನೆ ಸಮೀಕ್ಷೆ. ಸಂಜೆ ಊರವರ ಮುಂದೆ ಹಾಡು, ನಾಟಕ. ನಮ್ಮ ಶ್ರಮದಾನ ಊರ ಹಳೆಯ ಕಲ್ಯಾಣಿಯಲ್ಲಿ. ಮೆಟ್ಟಿಲು ಕಾಣದಷ್ಟು ಹೂಳು, ಜಾಲಿ ಮುಳ್ಳು, ಪ್ಲಾಸ್ಟಿಕ್ ಕವರು. ಗುದ್ದಲಿ ಹಿಡಿದು ಹತ್ತು ನಿಮಿಷಕ್ಕೆ ಅಂಗೈಯಲ್ಲಿ ಬೊಬ್ಬೆ. ನೋಡುತ್ತಾ ನಿಂತಿದ್ದ ಅಜ್ಜ ಒಬ್ಬರು ಕೆಳಗಿಳಿದು ಬಂದು, ಗುದ್ದಲಿಯ ಕಾವು ಎಲ್ಲಿ ಹಿಡಿಯಬೇಕು, ಮಣ್ಣು ತುಂಬಿದ ಬಾಂಡ್ಲಿಯನ್ನು ಸೊಂಟ ತಿರುಗಿಸದೆ ಪಕ್ಕದವರಿಗೆ ಹೇಗೆ ದಾಟಿಸಬೇಕು ಅಂತ ತೋರಿಸಿದರು. ಆಮೇಲೆ ಪ್ರತಿದಿನ ಬಂದರು. ಅವರೇ ನಮ್ಮ ಮೇಸ್ತ್ರಿ.

ಇಷ್ಟಕ್ಕೇ ನಿಂತಿದ್ದರೆ ಅದೊಂದು ಒಳ್ಳೆಯ ನೆನಪಾಗಿ ಉಳಿಯುತ್ತಿತ್ತು. ನನ್ನ ಕಲಿಕೆಗೆ ದಾರಿ ಮಾಡಿದ್ದು ರಾತ್ರಿ ಊಟದ ಮೇಲೆ ನಡೆಯುತ್ತಿದ್ದ ಅವಲೋಕನ ಸಭೆ. ಅನೇಕ ಶಿಬಿರಗಳಲ್ಲಿ ಇದು ಹೆಸರಿಗೆ ಮಾತ್ರ ಇರುತ್ತದೆ. ವರದಿ ಸಮಿತಿಯವರು ದಿನದ ವರದಿ ಓದುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟಿ ಮಲಗುತ್ತಾರೆ. ನಮ್ಮ ಮೇಷ್ಟ್ರು ಅದನ್ನೇ ಶಿಬಿರದ ನಡುಗಂಬ ಮಾಡಿದರು. ಸಮುದಾಯ ಭವನದ ನೆಲದ ಮೇಲೆ ಎಲ್ಲರೂ ದುಂಡಗೆ ಕೂರಬೇಕು, ಮೇಷ್ಟ್ರೂ ಸೇರಿ. ಅವರು ಕೇಳುತ್ತಿದ್ದದ್ದು ಇಷ್ಟೇ: ಇವತ್ತು ಏನು ಮಾಡಿದ್ರಿ, ಏನು ಕಣ್ಣಿಗೆ ಬಿತ್ತು, ನಾಳೆ ಏನು ಬದಲಾಯಿಸಬೇಕು? ಉತ್ತರ ಅವರು ಹೇಳುತ್ತಿರಲಿಲ್ಲ. ಸುಮ್ನೆ ಕಾಯುತ್ತಿದ್ದರು. ಮೊದಲ ರಾತ್ರಿ ಯಾರೂ ಬಾಯಿ ಬಿಡಲಿಲ್ಲ. ಕ್ಲಾಸಿನಲ್ಲಿ ಹನ್ನೆರಡು ಹದಿಮೂರು ವರ್ಷ ಪ್ರಶ್ನೆಗೆ ಸರಿ ಉತ್ತರ ಹೇಳಿ ಅಭ್ಯಾಸ ಆದವರು ನಾವು. ಸರಿ ಉತ್ತರವೇ ಇಲ್ಲದ ಪ್ರಶ್ನೆ ಬಂದರೆ ಏನು ಹೇಳುವುದು?

ಸಮೀಕ್ಷೆಯ ಮೊದಲ ದಿನ ನಡೆದದ್ದನ್ನೇ ನೋಡಿ. ನಮ್ಮ ಕೈಯಲ್ಲಿ ಅಚ್ಚಾದ ನಮೂನೆ ಇತ್ತು. ಮನೆಯಲ್ಲಿ ಎಷ್ಟು ಜನ, ಎಷ್ಟು ಓದಿದ್ದಾರೆ, ಶೌಚಾಲಯ ಇದೆಯೋ ಇಲ್ಲವೋ. 2018ರಲ್ಲೇ ಕರ್ನಾಟಕದ ಹಳ್ಳಿಗಳನ್ನು ಬಯಲು ಬಹಿರ್ದೆಸೆ ಮುಕ್ತ ಅಂತ ಘೋಷಿಸಲಾಗಿತ್ತು. ನಮ್ಮ ಹಾಳೆಯಲ್ಲೂ ‘ಇದೆ’ ಅನ್ನುವ ಕಡೆಯೇ ಸಾಲಾಗಿ ಗುರುತು ಬಿದ್ದಿತ್ತು. ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಬಾಗಿಲು ತೆಗೆದೇ ತೋರಿಸಿದರು. ಒಳಗೆ ಸೌದೆ, ಹಳೇ ಚೀಲ, ಕುಕ್ಕೆ. ‘ಐತೆ ಕಣವ್ವ, ಬರ್ಕೋ. ಸೌದೆ ಇಕ್ಕಿದೀನಿ. ಅಲ್ಲಿಂದ ಬಿಂದಿಗೆ ನೀರು ಹೊತ್ತು ತಂದು ಇದಕ್ಕೆ ಸುರಿಯೋಕೆ ನನ್ನ ಸೊಂಟ ಐತಾ?’ ಅಂದರು.

ರಾತ್ರಿ ನನ್ನ ಗೆಳತಿ ಇದನ್ನು ಹೇಳಿದಳು. ಹೇಳಿದ ತಕ್ಷಣ ಇನ್ನೂ ಮೂರು ನಾಲ್ಕು ಜನ ‘ನಮಗೂ ಹಾಗೇ ಸಿಕ್ತು’ ಅಂದರು. ಹಾಳೆಯಲ್ಲಿ ಅದನ್ನು ಬರೆಯಲು ಜಾಗವೇ ಇರಲಿಲ್ಲ. ಆಗ ಮೇಷ್ಟ್ರು ಕೇಳಿದರು: ‘ಹಾಗಾದ್ರೆ ಹಾಳೆ ದೊಡ್ಡದೋ, ಅಜ್ಜಿ ದೊಡ್ಡವರೋ?’ ಅವತ್ತು ರಾತ್ರಿಯೇ ಕೂತು ಪ್ರಶ್ನೆ ಬದಲಾಯಿಸಿದೆವು. ನೀರು ಎಲ್ಲಿಂದ ತರ್ತೀರಿ, ಯಾರು ತರ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ? ಈ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿಗೆ ಶುದ್ಧೀಕರಣ ಘಟಕದ ಮುಂದೆ ಕ್ಯಾನ್ ಇಟ್ಟು ಕಾಯಬೇಕು, ಬಳಸುವ ನೀರಿಗೆ ಬೀದಿ ಕೊನೆಯ ನಲ್ಲಿಗೆ ಹೋಗಬೇಕು. ಹಿಂದಿನ ಬೀದಿಗಳಲ್ಲಿ ಶೌಚಾಲಯ ಗೋದಾಮಾಗಿದ್ದಕ್ಕೆ ಕಾರಣ ಜನರ ಅಜ್ಞಾನ ಅಂತ ನಾವು ಅಂದುಕೊಂಡು ಬಂದಿದ್ದೆವು. ಸಂಜೆಯ ನಾಟಕವನ್ನೂ ಆ ಥರವೇ ಬರೆದಿದ್ದೆವು, ಮನೆಯ ಯಜಮಾನನನ್ನು ದಡ್ಡನನ್ನಾಗಿ ಮಾಡಿ. ಹೊಸ ಉತ್ತರಗಳು ಬಂದ ಮೇಲೆ ಆ ನಾಟಕ ಆಡಲು ಯಾರಿಗೂ ಮನಸ್ಸಾಗಲಿಲ್ಲ. ಬಿಂದಿಗೆ ಹೊರುವ ಸೊಸೆಯನ್ನೇ ಮುಖ್ಯ ಪಾತ್ರ ಮಾಡಿ ಬರೆದೆವು. ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸರು ನಗುತ್ತಲೇ ನಡುವೆ ಬಾಯಿ ಹಾಕಿ ಸಂಭಾಷಣೆ ತಿದ್ದಿದರು.

ಸಮಾರೋಪದ ದಿನ ಪಂಚಾಯಿತಿ ಪಿಡಿಒ ಎದುರು ಈ ಸಮೀಕ್ಷೆಯ ಸಾರ ಓದಿದೆವು. ಯಾವ ಬೀದಿ, ಎಷ್ಟು ಮನೆ, ನೀರಿಗೆ ಎಷ್ಟು ದೂರ. ದೂರು ಹೇಳುವ ದನಿಯಲ್ಲಲ್ಲ, ಲೆಕ್ಕದ ದನಿಯಲ್ಲಿ. ಅವರು ಬರೆದುಕೊಂಡರು. ಕೆಲವು ತಿಂಗಳಾದ ಮೇಲೆ ಹಿಂದಿನ ಬೀದಿಗೆ ಒಂದು ಮಿನಿ ಟ್ಯಾಂಕ್ ಬಂತು ಅಂತ ಆ ಊರಿನಿಂದ ಬರುವ ಜೂನಿಯರ್ ಹೇಳಿದಳು. ನಾವು ಓದಿದ್ದರಿಂದಲೇ ಬಂತು ಅಂತ ಹೇಳಲಾರೆ, ಊರವರು ಮೊದಲಿನಿಂದಲೂ ಕೇಳುತ್ತಿದ್ದರಂತೆ.

ಇನ್ನೊಂದು ರಾತ್ರಿಯ ಮಾತು ಇದಕ್ಕಿಂತ ಕಷ್ಟದ್ದು. ನಮ್ಮ ತಂಡದ ಒಬ್ಬ ಹುಡುಗ, ಯಾವಾಗಲೂ ಕಡಿಮೆ ಮಾತಾಡುವವನು, ಎದ್ದು ಕೇಳಿದ: ‘ಸಾರ್, ಬೆಳಿಗ್ಗೆ ಪ್ರಭಾತಫೇರಿ ದೇವಸ್ಥಾನದ ಬೀದಿಯಲ್ಲೇ ಸುತ್ತಿ ವಾಪಸ್ ಬರ್ತೀವಿ. ಕಾಲೋನಿ ಕಡೆ ಯಾಕೆ ಹೋಗಲ್ಲ?’ ಕಾಲೋನಿ ಅಂದರೆ ದಲಿತರ ಕೇರಿ. ಭವನದಲ್ಲಿ ಸದ್ದೇ ಇಲ್ಲ. ದಾರಿ ಗೊತ್ತು ಮಾಡಿದ್ದು ಊರ ಕೆಲವರು, ನಾವು ಅವರ ಹಿಂದೆ ಹಾಡು ಹೇಳಿಕೊಂಡು ನಡೆದಿದ್ದೆವು. ಮೇಷ್ಟ್ರು ಭಾಷಣ ಮಾಡಲಿಲ್ಲ. ‘ನಾಳೆ ಎಲ್ಲಿಂದ ಶುರು ಮಾಡೋಣ, ನೀನೇ ಹೇಳು’ ಅಂದರು. ಮರುದಿನ ಬೆಳಿಗ್ಗೆ ಕಾಲೋನಿಯಿಂದಲೇ ಹೊರಟೆವು. ಅಲ್ಲಿನ ಮಕ್ಕಳು ನಮ್ಮ ಜೊತೆ ಹಾಡುತ್ತಾ ದೇವಸ್ಥಾನದ ಬೀದಿಯವರೆಗೂ ಬಂದರು. ಅವತ್ತು ಒಂದಿಬ್ಬರು ಹಿರಿಯರ ಮುಖ ಗಂಟಾಗಿದ್ದು ನಮಗೂ ಕಂಡಿತು. ಆ ದಾರಿಯನ್ನು ಮಾತ್ರ ಶಿಬಿರ ಮುಗಿಯುವವರೆಗೂ ಬದಲಾಯಿಸಲಿಲ್ಲ. ಸಮಾನತೆ ಅಂತ ಪರೀಕ್ಷೆಗೆ ಐದು ಅಂಕದ ಉತ್ತರ ಬರೆದಿದ್ದ ನನಗೆ, ಬೆಳಗಿನ ಆರು ಗಂಟೆಗೆ ಯಾವ ಬೀದಿಯಿಂದ ನಡಿಗೆ ಶುರು ಮಾಡುತ್ತೀರಿ ಅನ್ನುವುದರಲ್ಲೂ ಅದು ಇರುತ್ತದೆ ಅಂತ ಕಂಡದ್ದು ಆವಾಗಲೇ.

ನನ್ನ ಪಾಲಿಗೆ ಬಂದದ್ದು ಅಡುಗೆ ಸಮಿತಿಯ ಲೆಕ್ಕ. ಹುಡುಗರಿಗೆ ಗುದ್ದಲಿ, ಹುಡುಗಿಯರಿಗೆ ಅಡುಗೆ ಅಂತ ಹಂಚಬಾರದು ಅನ್ನುವುದು ಮೊದಲೇ ಆದ ನಿಯಮ. ಎಲ್ಲ ತಂಡವೂ ಪಾಳಿಯ ಮೇಲೆ ಒಲೆ ಮುಂದೆ ನಿಲ್ಲಬೇಕು. ಐವತ್ತು ಜನಕ್ಕೆ ಮುದ್ದೆ ಮಾಡುವುದು ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ಶಾಲೆಯ ಬಿಸಿಯೂಟ ಮುಗಿಸಿ ಅಡುಗೆಯ ಅಕ್ಕ ಬರುತ್ತಿದ್ದರು. ಎಸರು ಉಕ್ಕುವ ತನಕ ಹಿಟ್ಟು ಮುಟ್ಟಬಾರದು, ಕೋಲು ತಿರುಗಿಸುವಾಗ ಪಾತ್ರೆಯನ್ನು ಇಬ್ಬರು ಅದುಮಿ ಹಿಡಿಯಬೇಕು, ಕಾಳು ಹಿಂದಿನ ರಾತ್ರಿಯೇ ನೆನೆಯಬೇಕು. ಅವರು ಬಾಯಲ್ಲಿ ಹೇಳಿದ್ದಕ್ಕಿಂತ ಕೈಯಲ್ಲಿ ತೋರಿಸಿದ್ದು ಜಾಸ್ತಿ. ಊರವರು ರಾಗಿ, ತೆಂಗಿನಕಾಯಿ, ಹುಣಸೆಹಣ್ಣು ತಂದುಕೊಟ್ಟರು. ಉಳಿದದ್ದು ಸಂತೆಯಿಂದ.

ಆ ಸಾಮಾನಿನ ದುಡ್ಡು ನನ್ನ ಕೈಯಲ್ಲಿ. ಬೇರೆಯವರ ಹಣವನ್ನು ನಾನು ಅದುವರೆಗೂ ಇಟ್ಟುಕೊಂಡವಳಲ್ಲ. ಪ್ರತಿ ರಾತ್ರಿ ಎದ್ದು ನಿಂತು ಖರ್ಚು ಓದಬೇಕು. ಯಾರು ಬೇಕಾದರೂ ಕೇಳಬಹುದು. ‘ಎಣ್ಣೆ ಯಾಕೆ ಇಷ್ಟು?’ ‘ನಿನ್ನೆ ಉಳಿದ ತರಕಾರಿ ಏನಾಯ್ತು?’ ಮೊದಲ ಸಲ ಕೇಳಿದಾಗ ನನ್ನ ದನಿ ನಡುಗಿತು. ಯಾರೋ ನನ್ನನ್ನು ಅನುಮಾನಿಸುತ್ತಿದ್ದಾರೆ ಅನ್ನಿಸಿ ಕಣ್ಣು ತುಂಬಿತು. ಶಿಬಿರದ ಕೊನೆಯ ಹೊತ್ತಿಗೆ ಅದೇ ಪ್ರಶ್ನೆಗೆ ಚೀಟಿ ತೋರಿಸಿ ನಿರಾಳವಾಗಿ ಉತ್ತರ ಹೇಳುತ್ತಿದ್ದೆ. ಪ್ರಶ್ನೆ ಕೇಳುವವರು ನನ್ನ ವಿರೋಧಿಗಳಲ್ಲ, ಆ ಹಣ ಅವರದ್ದೂ ಹೌದು ಅಂತ ಮನಸ್ಸಿಗೆ ಇಳಿದಿತ್ತು. ಬಿ.ಕಾಂ.ನಲ್ಲಿ ಆಡಿಟ್ ಬಗ್ಗೆ ಓದುವಾಗ ಈ ರಾತ್ರಿಗಳೇ ನೆನಪಿಗೆ ಬರುತ್ತಿದ್ದವು.

ಒಂದು ರಾತ್ರಿ ಮೇಷ್ಟ್ರು, ಪರೀಕ್ಷೆ ಇಲ್ಲದ ಕಲಿಕೆ ನಮ್ಮ ನಾಡಿಗೆ ಹೊಸದಲ್ಲ ಅಂದರು. 1940ರ ದಶಕದಲ್ಲೇ ಮೈಸೂರು ಸಂಸ್ಥಾನದಲ್ಲಿ ವಯಸ್ಕರ ಶಿಕ್ಷಣ ಸಮಿತಿ ಹುಟ್ಟಿತ್ತು. ಡೆನ್ಮಾರ್ಕಿನ ಜನಪದ ಪ್ರೌಢಶಾಲೆಗಳ ಮಾದರಿಯಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠ ಶುರುವಾಗಿತ್ತು. ಹಳ್ಳಿಯ ಯುವಕರು ಅಲ್ಲೇ ಒಟ್ಟಿಗೆ ಇದ್ದು ಬೇಸಾಯ, ಆರೋಗ್ಯ, ಸಹಕಾರದ ಬಗ್ಗೆ ಕಲಿಯುತ್ತಿದ್ದರು. ನಾವು ಕೂತಿದ್ದ ದುಂಡು ಸಭೆಗೂ ಅದಕ್ಕೂ ನಂಟು ಇದೆ ಅಂತ ಕೇಳಿ ಖುಷಿಯಾಗಿತ್ತು.

ಶಿಬಿರ ಮುಗಿದ ಸ್ವಲ್ಪ ದಿನಕ್ಕೇ ಕೊರೊನಾ ಬಂತು. ಮಾರ್ಚ್‌ನಲ್ಲಿ ಕಾಲೇಜು ಮುಚ್ಚಿತು, ನಾನು ನಮ್ಮೂರಿಗೆ ಬಂದೆ. ಮೊಬೈಲ್ ಇದ್ದ ಮಕ್ಕಳು ಆನ್‌ಲೈನ್ ಪಾಠ ಕೇಳಿದರು, ಇಲ್ಲದವರು ಕುರಿ ಹಿಂದೆ ಹೋದರು. ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾಗಿ ಮೇಷ್ಟ್ರುಗಳು ಅರಳಿಕಟ್ಟೆ, ಗುಡಿಯಂಗಳದಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡಿದರು. ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಆಮೇಲೆ ನವೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಬಂತು. 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ. ನಮ್ಮೂರ ಗ್ರಂಥಾಲಯದ ಮೇಲ್ವಿಚಾರಕಿ ಅಕ್ಕ ಒಬ್ಬರೇ ಎಲ್ಲ ನೋಡಿಕೊಳ್ಳಬೇಕು. ‘ಸಂಜೆ ಬಂದು ಮಕ್ಕಳಿಗೆ ಕಥೆ ಓದ್ತೀಯಾ?’ ಅಂತ ಕೇಳಿದರು. ನಾನು, ನಮ್ಮ ಬೀದಿಯ ಇನ್ನಿಬ್ಬರು ಡಿಗ್ರಿ ಹುಡುಗರು ಹೋದೆವು.

ಕಥೆ ಓದಿದರೆ ಮಕ್ಕಳು ಕೇಳುತ್ತಿದ್ದರು, ಪುಸ್ತಕ ಕೈಗೆ ಕೊಟ್ಟರೆ ತಲೆ ತಗ್ಗಿಸುತ್ತಿದ್ದರು. ಐದನೇ ಕ್ಲಾಸಿನವರಿಗೂ ಒತ್ತಕ್ಷರ ಮರೆತುಹೋಗಿತ್ತು. ಶಿಬಿರದ ಅಭ್ಯಾಸ ಇಲ್ಲಿ ಕೈ ಹಿಡಿಯಿತು. ಪ್ರತಿ ಸಂಜೆ ಮಕ್ಕಳು ಹೋದ ಮೇಲೆ ನಾವು ಮೂವರು, ಅಕ್ಕನೂ ಸೇರಿ, ಅವೇ ಪ್ರಶ್ನೆ ಕೇಳಿಕೊಂಡೆವು. ಏನು ಮಾಡಿದೆವು, ಏನು ಕಣ್ಣಿಗೆ ಬಿತ್ತು, ನಾಳೆ ಏನು ಬದಲಾಯಿಸಬೇಕು.

ಕುರಿ ಮೇಯಿಸುವ ಹುಡುಗನೊಬ್ಬ ಬಾಗಿಲ ಹತ್ತಿರ ನಿಂತು ಹೋಗಿಬಿಡುತ್ತಿದ್ದ. ಪುಸ್ತಕ ಮುಟ್ಟುತ್ತಿರಲಿಲ್ಲ. ಒಂದು ಸಂಜೆ ಯಾವ ಕುರಿಗೆ ಜ್ವರ ಬಂದಿದೆ ಅಂತ ಹೇಗೆ ಗೊತ್ತಾಗುತ್ತದೆ ಅಂತ ನಮ್ಮಲ್ಲೊಬ್ಬರು ಕೇಳಿದರು. ಅವನು ನಿಲ್ಲಿಸಲೇ ಇಲ್ಲ. ಕಿವಿ ಹೇಗೆ ಜೋತು ಬೀಳುತ್ತದೆ, ಮಂದೆಯಿಂದ ಹೇಗೆ ಹಿಂದೆ ಉಳಿಯುತ್ತದೆ, ಯಾವ ಸೊಪ್ಪು ತಿಂದರೆ ಹೊಟ್ಟೆ ಉಬ್ಬುತ್ತದೆ. ಅವನು ಹೇಳಿದ್ದನ್ನು ಅವನದೇ ಮಾತಿನಲ್ಲಿ ಡ್ರಾಯಿಂಗ್ ಶೀಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ಕೆಳಗೆ ಅವನ ಹೆಸರು. ಮರುದಿನ ಬಂದು ಅದರ ಮುಂದೆ ನಿಂತ. ತಾನೇ ಹೇಳಿದ ಮಾತಾದ್ದರಿಂದ ಊಹಿಸಿ ಊಹಿಸಿ ಓದಿದ. ತಡವರಿಸಿದ ಕಡೆ ಬೇರೆ ಮಕ್ಕಳು ಹೇಳಿಕೊಟ್ಟರು. ಅಲ್ಲಿಂದ ಗೋಡೆ ಪತ್ರಿಕೆ ಶುರುವಾಯಿತು. ಮಕ್ಕಳು ಅಜ್ಜಿಯರ ಹತ್ತಿರ ಹೋಗಿ ಬರಗಾಲದ ವರ್ಷ ಏನು ತಿಂದಿರಿ ಅಂತ ಕೇಳಿಕೊಂಡು ಬಂದು ಬರೆದರು. ಬೇರೆಯವರಿಗೆ ಓದಲು ಬೇಕು ಅಂತ ಬರೆದಾಗ ಅಕ್ಷರ ತಾನಾಗಿ ದುಂಡಗಾಗುತ್ತದೆ, ಇದನ್ನು ಕಣ್ಣಾರೆ ನೋಡಿದ್ದೇನೆ. ಒಂದರಿಂದ ಐದನೇ ತರಗತಿಗೆ ಶಾಲೆ ಮತ್ತೆ ತೆರೆದದ್ದು 2021ರ ಅಕ್ಟೋಬರ್‌ನಲ್ಲಿ. ಅಷ್ಟು ದಿನ ಆ ಒಂದು ಕೋಣೆ ಮಕ್ಕಳನ್ನು ಅಕ್ಷರದ ಹತ್ತಿರ ಇಟ್ಟಿತು. ಹಾಗೆಯೇ ನಮ್ಮ ಮೂವರನ್ನೂ ಬೆಳೆಸಿತು. ಜೊತೆಗಿದ್ದ ಒಬ್ಬ ಈಗ ಬಿ.ಇಡಿ. ಮುಗಿಸಿದ್ದಾನೆ, ಆ ದಾರಿ ಅವನಿಗೆ ಹೊಳೆದದ್ದು ಅದೇ ಗೋಡೆ ಪತ್ರಿಕೆ ಅಂಟಿಸುವಾಗಂತೆ.

ಈಗ ಕಾಲೇಜಿನ ಹುಡುಗರು ಶಿಬಿರಕ್ಕೆ ಹೋಗಲಾ ಬೇಡವಾ ಅಂತ ಕೇಳಿದರೆ ಹೋಗಿ ಅಂತಲೇ ಹೇಳುತ್ತೇನೆ. ಜೊತೆಗೆ, ರಾತ್ರಿ ಅವಲೋಕನ ಸಭೆ ಇದೆಯಾ, ಅದರಲ್ಲಿ ನಿಮಗೆ ಮಾತಾಡಲು ಬಿಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ ಅನ್ನುತ್ತೇನೆ. ಇಲ್ಲ ಅಂದರೆ ನೀವೇ ನಾಲ್ಕು ಜನ ಕೂತು ಶುರು ಮಾಡಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಕಾರ್ಯಕ್ರಮಾಧಿಕಾರಿಗಳಲ್ಲಿ ನನ್ನದೊಂದು ವಿನಂತಿ: ಹಣದ ಲೆಕ್ಕವನ್ನು ಹುಡುಗರ ಕೈಗೆ ಕೊಡಿ, ಸಮೀಕ್ಷೆಯ ಪ್ರಶ್ನೆಯನ್ನು ಅವರೇ ಬರೆಯಲಿ. ನಿಮ್ಮ ಮೇಲೆ ಪಾಠದ ಹೊರೆ ಎಷ್ಟಿದೆ, ಶಿಬಿರದ ಖರ್ಚಿಗೆ ಎಷ್ಟು ಕಡೆ ಓಡಾಡುತ್ತೀರಿ ಅಂತ ನೋಡಿದ್ದೇನೆ. ಆದರೂ ಕೇಳುತ್ತಿದ್ದೇನೆ.

ನಮ್ಮೂರ ಗ್ರಂಥಾಲಯ ಈಗ ಅರಿವು ಕೇಂದ್ರ. ಕಂಪ್ಯೂಟರ್ ಬಂದಿದೆ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳೂ ಬಂದಿವೆ. ನಾನು ರಜೆ ಇದ್ದ ಭಾನುವಾರ ಹೋಗುತ್ತೇನೆ. ಗೋಡೆ ಪತ್ರಿಕೆಯನ್ನು ಹೈಸ್ಕೂಲಿನ ಮಕ್ಕಳೇ ನಡೆಸುತ್ತಿದ್ದಾರೆ. ಸದ್ಯಕ್ಕೆ ಕಥೆ ಓದುವವರು ಸಾಕಷ್ಟು ಜನ ಇದ್ದಾರೆ. ಎಂಟು, ಒಂಬತ್ತನೇ ಕ್ಲಾಸಿನವರಿಗೆ ಗಣಿತ ಹೇಳಿಕೊಡುವವರು ಮಾತ್ರ ಇನ್ನೂ ಸಿಕ್ಕಿಲ್ಲ. ಡಿಗ್ರಿ ಓದುತ್ತಿರುವ ಒಂದಿಬ್ಬರನ್ನು ಕೇಳಿದ್ದೇನೆ, ಮುಂದಿನ ವಾರ ಬಂದು ನೋಡುತ್ತೇವೆ ಅಂದಿದ್ದಾರೆ.